ಪದವಿನ ಮೇಲೆ ಅರುವತ್ತು ಮನೆಗಳು

ಶಾಲೆಯ ಹಿಂದೆ ಒಂದು ದೊಡ್ಡ ಪದವು ಇದೆ. ಆಟದ ಬಯಲಿನ ಬೇಲಿ ದಾಟಿದರೆ ಪದವು ಆರಂಭ. ಏಪ್ರಿಲ್ ತಿಂಗಳಲ್ಲಿ ಅಲ್ಲಿ ಬರಿಗಾಲಿನಲ್ಲಿ ನಡೆಯಲು ಆಗದು. ಮುರಕಲ್ಲು ಕಾವಲಿಯಂತೆ ಕಾದಿರುತ್ತದೆ. ಮಳೆ ಬಂದ ಮೇಲೆ ನೋಡಬೇಕು! ಅದೇ ಪದವು ಹಸುರು ಹೊದೆದು ಮಲಗಿದಂತೆ ಕಾಣುತ್ತದೆ.

ಓಣಂ ರಜೆ ಮುಗಿಯಿತು. ಶಾಲೆ ತೆರೆದ ದಿನ ಪದವಿನ ಅಂಚಿನಲ್ಲಿ ಒಂದು ಹೊಸ ಫಲಕ ನಿಂತಿತ್ತು. ಮಕ್ಕಳು ಅದರ ಸುತ್ತ ಗುಂಪುಗೂಡಿದರು. ಒಬ್ಬಳು ಗಟ್ಟಿಯಾಗಿ ಓದಿದಳು: "ಐದು ಎಕ್ರೆ ಜಾಗದಲ್ಲಿ ಅರುವತ್ತು ಮನೆಗಳ ಬಡಾವಣೆ ಬರಲಿದೆ."

ಈ ಊರು ಪಾಠಕ್ಕಾಗಿ ಕಲ್ಪಿಸಿಕೊಂಡದ್ದು. ಆದರೆ ಮಂಜೇಶ್ವರದಿಂದ ಹೊಸದುರ್ಗದ ವರೆಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇಂಥ ಪದವುಗಳು ಎಷ್ಟೋ ಇವೆ. ನಿಮ್ಮ ಶಾಲೆಯೂ ಒಂದು ಪದವಿನ ಮೇಲೆಯೇ ಇರಬಹುದು.

ಅಂದು ಐದನೆಯ ತರಗತಿಯಲ್ಲಿ ಫಲಕದ್ದೇ ಮಾತು. ಮೇಸ್ತ್ರಿಯವರ ಮಗಳು ಬಹಳ ಸಂತೋಷದಲ್ಲಿದ್ದಳು.

"ಟೀಚರ್, ನನ್ನ ಅಪ್ಪನಿಗೆ ಇನ್ನು ಎರಡು ವರ್ಷ ಊರಿನಲ್ಲೇ ಕೆಲಸ ಸಿಕ್ಕುತ್ತದಂತೆ. ಈಗ ಅವರು ವಾರಕ್ಕೊಮ್ಮೆ ಮಾತ್ರ ಮನೆಗೆ ಬರುವುದು."

ಹಿಂದಿನ ಬೆಂಚಿನಲ್ಲಿ ತಗ್ಗಿನ ಮನೆಯ ಹುಡುಗ ಸುಮ್ಮನೆ ಕುಳಿತಿದ್ದ. ಅವನ ಮನೆ ಪದವಿನ ಬುಡದಲ್ಲಿದೆ. ಟೀಚರ್ ಕೇಳಿದ ಮೇಲೆ ಅವನು ಮೆಲ್ಲನೆ ಹೇಳಿದ:

"ನಮ್ಮ ಸುರಂಗಕ್ಕೆ ನೀರು ಬರುವುದು ಆ ಪದವಿನಿಂದಲೇ ಟೀಚರ್. ನಿನ್ನೆ ರಾತ್ರಿ ಅಜ್ಜ ಸರಿಯಾಗಿ ಊಟ ಮಾಡಲಿಲ್ಲ."

ತರಗತಿ ಒಮ್ಮೆಲೇ ಮೌನವಾಯಿತು. ಮನೆ ಬೇಕೋ ನೀರು ಬೇಕೋ ಎಂದು ಯಾರೋ ಕೇಳಿದರು. ಟೀಚರ್ ತಲೆಯಾಡಿಸಿದರು. "ಆ ಪ್ರಶ್ನೆ ಈಗಲೇ ಬೇಡ. ಮನೆಗಳು ಬಂದರೆ ಏನೇನು ಬದಲಾದೀತು ಎಂದು ಮೊದಲು ತಿಳಿದುಕೊಳ್ಳೋಣ. ತಿಳಿಯಬೇಕಾದರೆ ಈಗ ಅಲ್ಲಿ ಏನೇನು ಇದೆ ಎಂಬುದು ಗೊತ್ತಿರಬೇಕು. ನಾಳೆ ನೋಟು ಪುಸ್ತಕ, ಪೆನ್ಸಿಲು, ಒಂದು ಟೇಪು ಹಿಡಿದುಕೊಂಡು ಬನ್ನಿ."

ದೊಡ್ಡ ಕಟ್ಟಡ, ಅಣೆಕಟ್ಟು, ಗಣಿ, ಕಾರ್ಖಾನೆ ಮೊದಲಾದವನ್ನು ಕಟ್ಟುವ ಮೊದಲು ಅವುಗಳಿಂದ ನೆಲ, ನೀರು, ಗಾಳಿ, ಗಿಡಮರ, ಪ್ರಾಣಿಪಕ್ಷಿ, ಜನಜೀವನ ಇವುಗಳ ಮೇಲೆ ಏನು ಪರಿಣಾಮವಾದೀತು ಎಂದು ಅಳೆದು ನೋಡುವುದಕ್ಕೆ ಪರಿಸರ ಪರಿಣಾಮ ಅಧ್ಯಯನ ಎಂದು ಹೆಸರು. ನಮ್ಮ ದೇಶದಲ್ಲಿ 1994ರಲ್ಲಿ ಕೆಲವು ಬಗೆಯ ಯೋಜನೆಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು. 2006ರಲ್ಲಿ ಅದರ ಬದಲಿಗೆ ಹೊಸ ಅಧಿಸೂಚನೆ ಬಂತು. ಇಲ್ಲಿ ಮುಖ್ಯವಾದ ಮಾತು "ಮೊದಲು" ಎಂಬುದು. ಕಟ್ಟಿದ ಮೇಲೆ ಅಳೆದರೆ ಅದು ಅಧ್ಯಯನವಲ್ಲ, ಬರೀ ನಷ್ಟದ ಲೆಕ್ಕ.

ಮರುದಿನ ಮಕ್ಕಳು ಪದವು ಹತ್ತಿದರು. ಮಳೆ ಆಗಷ್ಟೇ ಬಿಟ್ಟಿತ್ತು. ಬಂಡೆಯ ತಗ್ಗುಗಳಲ್ಲಿ ನೀರು ನಿಂತಿತ್ತು. ಕೆಲವು ತಗ್ಗುಗಳು ತಟ್ಟೆಯಷ್ಟು, ಕೆಲವು ತರಗತಿ ಕೋಣೆಯಷ್ಟು. ನೀರಿನ ಅಂಚಿನಲ್ಲಿ ಚಿಕ್ಕ ಚಿಕ್ಕ ನೀಲಿ ಹೂಗಳು ಚಾಪೆ ಹಾಸಿದಂತೆ ಅರಳಿದ್ದವು. ಇದು ಓಣಂ ಪೂಕಳಕ್ಕೆ ಕೊಯ್ಯುವ ಹೂ. ಮಲಯಾಳದಲ್ಲಿ ಇದನ್ನು ಕಾಕ್ಕಪ್ಪೂವು ಎನ್ನುತ್ತಾರೆ.

"ಈ ಗಿಡ ಹುಳು ತಿನ್ನುತ್ತದೆ" ಎಂದು ಟೀಚರ್ ಹೇಳಿದಾಗ ಯಾರೂ ನಂಬಲಿಲ್ಲ. ನಿಜವೇ. ಮುರಕಲ್ಲಿನ ಮೇಲಿನ ಮಣ್ಣು ತೀರ ತೆಳು. ಅದರಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶ ಸಾಲದು. ಈ ಗಿಡಕ್ಕೆ ಒದ್ದೆ ಮಣ್ಣಿನಡಿಯಲ್ಲಿ ಸಾಸಿವೆಗಿಂತಲೂ ಚಿಕ್ಕ ಚೀಲಗಳಿವೆ. ನೀರಿನಲ್ಲಿರುವ ಅತಿ ಸಣ್ಣ ಜೀವಿಗಳನ್ನು ಆ ಚೀಲಗಳು ಒಳಕ್ಕೆ ಎಳೆದುಕೊಳ್ಳುತ್ತವೆ. ಆ ಆಹಾರದ ಬಲದಿಂದ ಗಿಡ ಹೂ ಬಿಡುತ್ತದೆ. ನೀರು ಆರಿತೋ, ಗಿಡವೂ ಮಾಯ. ಬೀಜ ಮಾತ್ರ ಮುಂದಿನ ಮಳೆಗಾಲಕ್ಕೆ ಕಾದಿರುತ್ತದೆ.

ಅಷ್ಟರಲ್ಲಿ ಎರಡು ಟಿಟ್ಟಿಭ ಹಕ್ಕಿಗಳು ಕೂಗುತ್ತಾ ತಲೆಯ ಮೇಲೆ ಸುತ್ತತೊಡಗಿದವು. ಟಿಟ್ಟಿಭಕ್ಕೆ ಮರದಲ್ಲಿ ಗೂಡು ಕಟ್ಟಿ ಗೊತ್ತಿಲ್ಲ. ಬರಿ ನೆಲದಲ್ಲಿ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣವೂ ಕಲ್ಲಿನಂತೆಯೇ. ತುಳಿಯುವ ವರೆಗೆ ಗೊತ್ತಾಗದು.

ಮಕ್ಕಳು ಕಂಡದ್ದನ್ನೆಲ್ಲ ಬರೆದುಕೊಂಡರು: ನೀರಿನ ತಗ್ಗು ಹನ್ನೊಂದು, ಕುಂಟಲ, ಕೇಪಳ, ಗೇರು, ಮುಳಿಹುಲ್ಲು, ಕಪ್ಪೆ ಮೂರು ಬಗೆ, ಒಂದು ನವಿಲಿನ ಗರಿ, ದನ ಮೇಯಿಸಲು ಬಂದ ಒಬ್ಬ ಅಜ್ಜಿ. ಅಜ್ಜಿಯನ್ನು ಬರೆಯಬೇಕೋ ಎಂದು ಚರ್ಚೆಯಾಯಿತು. ಬರೆಯಬೇಕು ಎಂದರು ಟೀಚರ್. ದನಗಳಿಗೆ ಮೇವು ಸಿಕ್ಕುವುದು ಇಲ್ಲಿ. ಬಡಾವಣೆಗೆ ಆವರಣ ಗೋಡೆ ಬಂದರೆ ಅಜ್ಜಿ ಎಲ್ಲಿಗೆ ಹೋಗಬೇಕು? ಅದೂ ಪರಿಣಾಮವೇ.

ಒಂದು ವಿಷಯವನ್ನು ಇಲ್ಲಿ ಗಮನಿಸಿರಿ. ಇದೇ ಮಕ್ಕಳು ಏಪ್ರಿಲ್‌ನಲ್ಲಿ ಬಂದಿದ್ದರೆ ಏನು ಬರೆಯುತ್ತಿದ್ದರು? ಒಣಹುಲ್ಲು, ಕಪ್ಪುಕಲ್ಲು, ಬಿಸಿಲು. ನೀಲಿ ಹೂವೂ ಇಲ್ಲ, ಕಪ್ಪೆಯೂ ಇಲ್ಲ. "ಬರಡು ನೆಲ, ಕಳೆದುಕೊಳ್ಳಲು ಏನೂ ಇಲ್ಲ" ಎಂದು ಬರೆದು ಮನೆಗೆ ಹೋಗುತ್ತಿದ್ದರು. ಪದವುಗಳನ್ನು ಎಷ್ಟೋ ಜನ ಹಾಗೆಯೇ ತಿಳಿದಿದ್ದಾರೆ. ಆದುದರಿಂದ ಒಂದು ಜಾಗವನ್ನು ಒಂದೇ ಸಲ ನೋಡಿದರೆ ಸಾಲದು. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ನೋಡಬೇಕು.

ಪದವಿನಿಂದ ಇಳಿದು ಎಲ್ಲರೂ ತಗ್ಗಿನ ಮನೆಗೆ ಬಂದರು. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಅಜ್ಜ ಎಲ್ಲರಿಗೂ ಬೆಲ್ಲ, ನೀರು ಕೊಟ್ಟರು. ನೀರು ತಂಪಾಗಿತ್ತು.

"ಫ್ರಿಜ್ಜಿನದೋ ಅಜ್ಜ?" ಎಂದು ಒಬ್ಬ ಕೇಳಿದ.

"ಗುಡ್ಡದ್ದು ಮಗಾ. ಬಾ, ತೋರಿಸುತ್ತೇನೆ."

ತೋಟದ ಮೇಲ್ಬದಿಯಲ್ಲಿ ಗುಡ್ಡಕ್ಕೆ ಒಂದು ಬಾಗಿಲಿನಂತೆ ಕಿರಿದಾದ ಕಂಡಿ. ಒಬ್ಬರು ಹೋಗುವಷ್ಟೇ ಅಗಲ. ಒಳಗೆ ಕತ್ತಲೆ. ಕತ್ತಲೆಯೊಳಗಿಂದ ತೆಳ್ಳಗೆ ನೀರು ಹರಿದು ಬರುತ್ತಿತ್ತು. ಆ ನೀರು ಅಡಿಕೆಯ ದಂಬೆಯಲ್ಲಿ ಸಾಗಿ ಒಂದು ತೊಟ್ಟಿಗೆ ಬೀಳುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ.

"ಇದನ್ನು ನನ್ನ ಅಪ್ಪನ ಕಾಲದಲ್ಲಿ ಅಗೆದದ್ದು. ಬರಿ ಪಿಕ್ಕಾಸು, ಬುಟ್ಟಿ. ಒಬ್ಬ ಅಗೆಯುವುದು, ಇನ್ನೊಬ್ಬ ಮಣ್ಣು ಹೊರುವುದು. ಒಳಗೆ ದೀಪ ಇಟ್ಟುಕೊಳ್ಳುತ್ತಿದ್ದರು. ದೀಪ ಆರಿತೆಂದರೆ ಗಾಳಿ ಸಾಲದು ಎಂದು ಹೊರಗೆ ಓಡಿ ಬರಬೇಕು."

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿಯೂ ಅದಕ್ಕೆ ತಾಗಿದ ದಕ್ಷಿಣ ಕನ್ನಡದ ಊರುಗಳಲ್ಲಿಯೂ ಇಂಥ ಸುರಂಗಗಳು ತುಂಬಾ ಇವೆ. ಕೆಲವು ನಾಲ್ಕೈದು ಮೀಟರ್ ಉದ್ದ ಮಾತ್ರ. ಕೆಲವು ನೂರು ಮೀಟರಿಗಿಂತಲೂ ಉದ್ದ. ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದು ಬರುವಂತೆ ಅವುಗಳನ್ನು ಅಗೆಯುತ್ತಾರೆ.

ಗುಡ್ಡದೊಳಗೆ ನೀರು ಎಲ್ಲಿಂದ ಬಂತು? ಅಜ್ಜ ಒಂದು ಕಡ್ಡಿಯಿಂದ ನೆಲದ ಮೇಲೆ ಚಿತ್ರ ಬರೆದರು. ಎಲ್ಲಕ್ಕಿಂತ ಮೇಲೆ ಗಟ್ಟಿ ಪಾರೆ. ಅದರ ಕೆಳಗೆ ಮುರಕಲ್ಲು. ಮುರಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದರೆ ಜೇನುಗೂಡಿನಂತೆ ತೂತುಗಳಿರುತ್ತವೆ. ಅದರ ಕೆಳಗೆ ನುಣ್ಣಗಿನ ಶೇಡಿಮಣ್ಣು. ಮಳೆ ನೀರು ಪಾರೆಯ ತಗ್ಗುಗಳಲ್ಲಿ ನಿಲ್ಲುತ್ತದೆ. ಬಿರುಕುಗಳಿರುವ ಕಡೆಯಲ್ಲಿ ಒಳಕ್ಕೆ ಇಳಿಯುತ್ತದೆ. ಮುರಕಲ್ಲಿನ ತೂತುಗಳ ಮೂಲಕ ಕೆಳಗೆ ಜಿನುಗುತ್ತದೆ. ಶೇಡಿಮಣ್ಣು ನೀರನ್ನು ಸುಲಭವಾಗಿ ಕೆಳಗೆ ಬಿಡದು. ಹಾಗಾಗಿ ನೀರು ಅಡ್ಡಕ್ಕೆ ಹರಿಯುತ್ತದೆ. ಗುಡ್ಡದ ಬದಿಗೆ ಬಂದು ಒರತೆಯಾಗುತ್ತದೆ, ಸುರಂಗಕ್ಕೆ ಸಿಕ್ಕುತ್ತದೆ.

"ಎಲ್ಲ ಕಡೆಯೂ ನೀರು ಇಳಿಯುವುದಿಲ್ಲ. ಪಾರೆ ಗಟ್ಟಿಯಿದ್ದಲ್ಲಿ ಹರಿದು ಹೋಗುತ್ತದೆ. ಬಿರುಕು ಇದ್ದಲ್ಲಿ ಮಾತ್ರ ಕುಡಿಯುತ್ತದೆ. ಆ ಬಿರುಕಿನ ಮೇಲೆಯೇ ಸಿಮೆಂಟ್ ಹಾಕಿದರೆ ನಮ್ಮ ಕಥೆ ಮುಗಿಯಿತು. ಅದೇ ನನ್ನ ಹೆದರಿಕೆ ಟೀಚರೇ."

ಅಜ್ಜ ಮನೆ ಕಟ್ಟಬೇಡಿ ಎನ್ನಲಿಲ್ಲ. ಎಲ್ಲಿ ಕಟ್ಟುತ್ತಾರೆ ಎಂದು ಕೇಳಿದರು. ಟೀಚರ್ ಆ ಮಾತನ್ನು ನೋಟು ಪುಸ್ತಕದಲ್ಲಿ ಬರೆದುಕೊಂಡರು.

ಮಾಡಿ ನೋಡಿರಿ

ಒಂದೇ ಅಳತೆಯ ಎರಡು ಅಗಲವಾದ ಟ್ರೇಗಳನ್ನು ತೆಗೆದುಕೊಳ್ಳಿರಿ. ಒಂದರಲ್ಲಿ ಹುಲ್ಲು ಸಮೇತ ಮಣ್ಣು ತುಂಬಿರಿ. ಇನ್ನೊಂದರಲ್ಲಿ ಒಂದು ಹೆಂಚನ್ನೋ ಟೈಲ್ಸ್ ತುಂಡನ್ನೋ ಇಡಿರಿ. ಎರಡನ್ನೂ ಒಂದೇ ರೀತಿ ಓರೆಯಾಗಿಸಿ ಕೆಳಗೆ ಪಾತ್ರೆ ಇಡಿರಿ. ಪೂಪಾಟೆಯಿಂದ ಎರಡಕ್ಕೂ ಒಂದೊಂದು ಲೀಟರ್ ನೀರು ಸುರಿಯಿರಿ. ಯಾವ ಪಾತ್ರೆಗೆ ಬೇಗ ನೀರು ಬಂತು? ಎಷ್ಟು ಬಂತು? ನೀರಿನ ಬಣ್ಣ ಹೇಗಿತ್ತು? ಅರ್ಧ ಗಂಟೆಯ ಬಳಿಕ ಯಾವ ಟ್ರೇಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ?

ಆ ಕೊನೆಯ ತೊಟ್ಟಿಕ್ಕುವ ನೀರೇ ಅಜ್ಜನ ಸುರಂಗದ ನೀರು.

ಇನ್ನು ಲೆಕ್ಕ ಮಾಡೋಣ. ಹೆದರಬೇಡಿ, ನಿಮಗೆ ಗೊತ್ತಿರುವ ಗುಣಾಕಾರವೇ ಸಾಕು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಇದನ್ನು ನೆನಪಿಟ್ಟುಕೊಳ್ಳಿರಿ. ಐದು ಎಕ್ರೆ ಎಂದರೆ ಸುಮಾರು 20,000 ಚದರ ಮೀಟರ್. ಜುಲೈ ತಿಂಗಳಲ್ಲಿ ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿಯಿತು ಎಂದುಕೊಳ್ಳೋಣ. ಆಗ ಆ ಜಾಗದ ಮೇಲೆ ಬಿದ್ದ ನೀರು 10,00,000 ಲೀಟರ್. ಮನೆಗಳು, ಒಳದಾರಿ, ಅಂಗಳದ ಇಂಟರ್‌ಲಾಕ್ ಹಾಸು ಇವೆಲ್ಲ ಸೇರಿ ಅರ್ಧ ಜಾಗ ಮುಚ್ಚಿಹೋಯಿತು ಎಂದಿಟ್ಟುಕೊಳ್ಳಿರಿ. ಆಗ ಆ ಒಂದು ಗಂಟೆಯಲ್ಲಿ 5,00,000 ಲೀಟರ್ ನೀರು ಸಿಮೆಂಟಿನ ಮೇಲೆ ಬೀಳುತ್ತದೆ. ಹತ್ತು ಸಾವಿರ ಲೀಟರಿನ ಐವತ್ತು ಟ್ಯಾಂಕರ್ ನೀರು! ಅದಕ್ಕೆ ಇಂಗಲು ಜಾಗವಿಲ್ಲ, ನಿಲ್ಲಲು ತಗ್ಗಿಲ್ಲ. ಅದು ಓಡಲೇಬೇಕು. ಎಲ್ಲಿಗೆ ಓಡುತ್ತದೆ? ಕೆಳಗೆ ಯಾರ ಮನೆ ಇದೆ? ಬೈಲಿನ ಗದ್ದೆಗೆ ಈ ನೀರು ಬಂದರೆ ನಾಟಿ ಮಾಡಿದ ನೇಜಿ ಏನಾದೀತು?

ಅಂದರೆ ಮಳೆಗಾಲದಲ್ಲಿ ಕೆಳಗಿನವರಿಗೆ ನೀರು ಹೆಚ್ಚಾಗುತ್ತದೆ, ಬೇಸಿಗೆಯಲ್ಲಿ ಕಡಿಮೆಯಾಗುತ್ತದೆ. ಎರಡಕ್ಕೂ ಕಾರಣ ಒಂದೇ.

ಮನೆಗಳಿಗೂ ನೀರು ಬೇಕಲ್ಲ? ಮನೆಗೆ ಐದು ಜನರಂತೆ ಅರುವತ್ತು ಮನೆಗಳಲ್ಲಿ ಮುನ್ನೂರು ಜನ. ಪಟ್ಟಣಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಆ ಪ್ರಕಾರ ದಿನಕ್ಕೆ 40,500 ಲೀಟರ್ ಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಗಳಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇರಿಸಿಕೊಂಡಿದೆ. ಹಾಗೆ ಲೆಕ್ಕ ಹಾಕಿದರೆ 16,500 ಲೀಟರ್ ಸಾಕು. ನೋಡಿದಿರಾ? ಜನ ಅಷ್ಟೇ, ಮನೆ ಅಷ್ಟೇ. ಯಾವ ಅಂಕಿಯನ್ನು ಹಿಡಿದೆವು ಎಂಬುದರ ಮೇಲೆ ಉತ್ತರ ಎರಡೂವರೆ ಪಟ್ಟು ಬದಲಾಯಿತು. ಯಾರಾದರೂ ಲೆಕ್ಕ ತೋರಿಸಿ "ನೀರಿಗೆ ತೊಂದರೆ ಇಲ್ಲ" ಎಂದರೆ, ಯಾವ ಅಂಕಿಯಿಂದ ಲೆಕ್ಕ ಹಾಕಿದಿರಿ ಎಂದು ಕೇಳಬೇಕು. ಕೇಳುವುದು ತಪ್ಪಲ್ಲ.

ಆ ನೀರು ಎಲ್ಲಿಂದ ಬರುವುದು? ಪದವಿನ ಮೇಲೆ ಕೊಳವೆಬಾವಿ ಕೊರೆದರೆ ಅಜ್ಜನ ಸುರಂಗಕ್ಕೆ ಬರುವ ನೀರಿಗೂ ಅದು ಕೈಹಾಕಬಹುದು. ಕೊಳವೆಬಾವಿಗಳು ಹೆಚ್ಚಿದ ಊರುಗಳಲ್ಲಿ ಸುರಂಗಗಳು ಬತ್ತಿದ್ದನ್ನು ಹಿರಿಯರು ಕಂಡಿದ್ದಾರೆ.

ಇಲ್ಲಿ ಮೇಸ್ತ್ರಿಯವರ ಮಗಳಿಗೆ ಒಂದು ಉಪಾಯ ಹೊಳೆಯಿತು. "ಮಾಡಿನ ನೀರು ಹಿಡಿದರೆ ಆಗದೇ ಟೀಚರ್?"

ಆಕೆಯ ಉಪಾಯವನ್ನೂ ಲೆಕ್ಕ ಹಾಕಿದರು. ಒಂದು ಮನೆಯ ಮಾಡು 100 ಚದರ ಮೀಟರ್. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಹಾಗಾದರೆ ಒಂದು ಮಾಡಿನಿಂದ ವರ್ಷಕ್ಕೆ 3,00,000 ಲೀಟರ್! ಅರುವತ್ತು ಮನೆಗಳಿಂದ 1,80,00,000 ಲೀಟರ್. ಬೇಸಿಗೆಯ ನಾಲ್ಕು ತಿಂಗಳಿಗೆ, ಅಂದರೆ 120 ದಿನಗಳಿಗೆ, ದಿನಕ್ಕೆ 40,500ರಂತೆ ಬೇಕಾದದ್ದು 48,60,000 ಲೀಟರ್ ಮಾತ್ರ. ಮಕ್ಕಳು ಚಪ್ಪಾಳೆ ತಟ್ಟಿದರು.

"ತಡೆಯಿರಿ. ಅಷ್ಟು ನೀರನ್ನು ಎಲ್ಲಿ ಇಡುತ್ತೀರಿ?" ಎಂದರು ಟೀಚರ್. ಮನೆಗೆ 81,000 ಲೀಟರ್ ಹಿಡಿಯುವ ತೊಟ್ಟಿ ಬೇಕು. ಅಂದರೆ ಒಂಬತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಆಳ. ಟೇಪಿನಿಂದ ಅಳೆದು ಅಂಗಳದಲ್ಲಿ ಗೆರೆ ಎಳೆದರು. ಒಂದು ದೊಡ್ಡ ಕೋಣೆಯಷ್ಟಾಯಿತು. ಅದನ್ನು ಕಟ್ಟಲು ಖರ್ಚು ಇದೆ, ಜಾಗವೂ ಬೇಕು. ಆದರೂ ಉಪಾಯ ಬಿಡುವಂಥದ್ದಲ್ಲ. ಅರ್ಧದಷ್ಟು ಸಂಗ್ರಹಿಸಿದರೂ ಅರ್ಧದಷ್ಟು ಹೊರೆ ಇಳಿಯುತ್ತದೆ. ಉಳಿದ ನೀರನ್ನು ಇಂಗುಗುಂಡಿಗೆ ಬಿಡಬಹುದು. ಕೇರಳದಲ್ಲಿ 2004ರಲ್ಲಿ ಹಲವು ಬಗೆಯ ಹೊಸ ಕಟ್ಟಡಗಳಿಗೆ ಮಳೆನೀರಿನ ವ್ಯವಸ್ಥೆ ಇರಬೇಕೆಂದು ಕಟ್ಟಡ ನಿಯಮಗಳಲ್ಲಿ ಸೇರಿಸಲಾಯಿತು.

ಉಪಯೋಗಿಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಈ ಪ್ರಶ್ನೆಯನ್ನು ಮಾತನಾಡಲು ಯಾರಿಗೂ ಇಷ್ಟವಿಲ್ಲ. ಮಕ್ಕಳೂ ಮೂಗು ಮುಚ್ಚಿ ನಕ್ಕರು. ನಾವು ಬಳಸುವ ನೀರಿನಲ್ಲಿ ಸುಮಾರು ಹತ್ತರಲ್ಲಿ ಎಂಟು ಪಾಲು ಕೊಳೆನೀರಾಗಿ ಹೊರಬರುತ್ತದೆ. 40,500 ಲೀಟರಿನಲ್ಲಿ 32,400 ಲೀಟರ್. ಅರುವತ್ತು ಮನೆಗಳಿಗೆ ಅರುವತ್ತು ಶೌಚದ ಗುಂಡಿಗಳನ್ನು ಮುರಕಲ್ಲಿನಲ್ಲಿ ತೋಡಿದರೆ ಏನಾಗುತ್ತದೆ? ಜೇನುಗೂಡಿನ ತೂತುಗಳಿಗೆ ಮಳೆನೀರು ಯಾವುದು, ಕೊಳೆನೀರು ಯಾವುದು ಎಂದು ಗೊತ್ತಿಲ್ಲ. ಎರಡೂ ಒಂದೇ ದಾರಿಯಲ್ಲಿ ಇಳಿಯುತ್ತವೆ. ಅಜ್ಜನ ನೀರು ನೋಡಲು ಆಗಲೂ ತಿಳಿಯಾಗಿಯೇ ಇರುತ್ತದೆ, ಆದರೆ ಕುಡಿಯಲು ಯೋಗ್ಯವಾಗಿರುವುದಿಲ್ಲ. ಆದುದರಿಂದ ಎಲ್ಲ ಮನೆಗಳ ಕೊಳೆನೀರನ್ನು ಒಂದೇ ಕಡೆ ಸೇರಿಸಿ ಶುದ್ಧೀಕರಿಸುವ ಘಟಕ ಬೇಕು. ಅದನ್ನು ಕಟ್ಟಿದರೆ ಸಾಲದು, ದಿನಾಲೂ ನಡೆಸಬೇಕು. ಅದರ ಕರೆಂಟು ಬಿಲ್ಲು ಯಾರು ಕೊಡುತ್ತಾರೆ ಎಂಬುದನ್ನು ಮೊದಲೇ ಬರೆದಿಡಬೇಕು.

ಕಲ್ಲಿನ ವಿಷಯವನ್ನು ಮೇಸ್ತ್ರಿಯವರೇ ಶಾಲೆಗೆ ಬಂದು ಹೇಳಿದರು. ಅವರು ಭಾನುವಾರ ಮನೆಗೆ ಬಂದವರು ಸೋಮವಾರ ಬೆಳಿಗ್ಗೆ ಮಗಳ ಜೊತೆ ತರಗತಿಗೂ ಬಂದರು. "ಮನೆ ಕಟ್ಟಲು ಕೆಂಪುಕಲ್ಲು ಸಾವಿರಗಟ್ಟಲೆ ಬೇಕು ಮಕ್ಕಳೇ. ಅದನ್ನು ಇನ್ನೊಂದು ಗುಡ್ಡದಿಂದ ಕಡಿದು ತರುವುದು. ಇಲ್ಲಿ ಮನೆ ಏಳುವಾಗ ಅಲ್ಲಿ ಒಂದು ಹೊಂಡ ಬೀಳುತ್ತದೆ. ಹೊಯ್ಗೆ ಹೊಳೆಯಿಂದ ಬರುವುದು, ಈಗ ಕಲ್ಲು ಪುಡಿ ಮಾಡಿದ್ದೂ ಬರುತ್ತದೆ." ಅವರು ಇನ್ನೊಂದು ಮಾತು ಹೇಳಿದರು. ಗುಡ್ಡದ ಬದಿಯನ್ನು ನೆಟ್ಟಗೆ ಕಡಿದರೆ ಶೇಡಿಮಣ್ಣು ಹೊರಗೆ ಕಾಣುತ್ತದೆ. ಬೇಸಿಗೆಯಲ್ಲಿ ಅದು ಗೋಡೆಯಂತೆ ನಿಲ್ಲುತ್ತದೆ. ಮಳೆಗಾಲದಲ್ಲಿ ನೀರು ಕುಡಿದು ಮೆತ್ತಗಾಗಿ ಜಾರುತ್ತದೆ. 2025ರ ಜುಲೈಯಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ, ಹೆದ್ದಾರಿಗಾಗಿ ಕಡಿದ ವೀರಮಲೆ ಗುಡ್ಡದ ಬದಿ ಕುಸಿದು ರಸ್ತೆಯ ಮೇಲೆ ಬಿದ್ದಿತ್ತು.

"ಹಾಗಾದರೆ ನೀವು ಅಲ್ಲಿ ಕೆಲಸಕ್ಕೆ ಹೋಗುವುದಿಲ್ಲವೇ?" ಎಂದು ತಗ್ಗಿನ ಮನೆಯ ಹುಡುಗ ಕೇಳಿದ.

ಮೇಸ್ತ್ರಿ ನಕ್ಕರು. "ಹೋಗದೆ ಹೇಗೆ ಮಗಾ? ಆದರೆ ಗುಡ್ಡ ಕಡಿಯದೆ, ಮೆಟ್ಟಿಲು ಮೆಟ್ಟಿಲಾಗಿ ಮನೆ ಕಟ್ಟಲೂ ನನಗೆ ಗೊತ್ತು. ಹಾಗೆ ಕಟ್ಟಿ ಎಂದು ಹೇಳುವವರು ಬೇಕು."

ಕಡಿದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಅದನ್ನು ಸುಮ್ಮನೆ ಬೈಲಿಗೆ ತುಂಬುವಂತಿಲ್ಲ. ಗದ್ದೆ ಮತ್ತು ಜೌಗು ನೆಲಗಳನ್ನು ಮುಚ್ಚದಂತೆ ತಡೆಯಲು ಕೇರಳದಲ್ಲಿ 2008ರಲ್ಲಿ ಒಂದು ಕಾಯ್ದೆ ಬಂದಿದೆ. ಲಾರಿಗಳ ಧೂಳು, ಸದ್ದು, ಶಾಲೆಯ ಮುಂದಿನ ಕಿರಿದಾದ ದಾರಿ, ದಿನದ ಕಸ ಇವುಗಳನ್ನೂ ಮಕ್ಕಳು ಪಟ್ಟಿಗೆ ಸೇರಿಸಿದರು.

ಪಟ್ಟಿ ಉದ್ದವಾಯಿತು. ಆಗ ಒಬ್ಬಳು ಕೇಳಿದಳು, "ಇದನ್ನೆಲ್ಲ ಸರಕಾರವೇ ನೋಡುವುದಿಲ್ಲವೇ ಟೀಚರ್?"

ನೋಡುತ್ತದೆ, ಆದರೆ ಎಲ್ಲವನ್ನೂ ಅಲ್ಲ. 2006ರ ಅಧಿಸೂಚನೆಯ ಪ್ರಕಾರ ಕಟ್ಟಡಗಳ ಒಟ್ಟು ವಿಸ್ತಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮೊದಲೇ ಪರಿಸರ ಅನುಮತಿ ಪಡೆಯಬೇಕು. ಇದಕ್ಕಾಗಿ ರಾಜ್ಯ ಮಟ್ಟದಲ್ಲಿ ಒಂದು ಪ್ರಾಧಿಕಾರ ಇದೆ. ಈಗ ನಮ್ಮ ಪದವಿನ ಲೆಕ್ಕ ಮಾಡಿರಿ. ಕೆಳಗಿನ ಅಂತಸ್ತು, ಮೇಲಿನ ಅಂತಸ್ತು ಸೇರಿ ಒಂದು ಮನೆಗೆ 150 ಚದರ ಮೀಟರ್. ಅರುವತ್ತು ಮನೆಗಳಿಗೆ 9,000. ಇಪ್ಪತ್ತು ಸಾವಿರದ ಅರ್ಧವೂ ಆಗಲಿಲ್ಲ! ಹಾಗಾಗಿ ಈ ಬಡಾವಣೆಗೆ ಆ ಅನುಮತಿಯ ಅಗತ್ಯ ಬರುವುದಿಲ್ಲ. ಕಟ್ಟಡಕ್ಕೆ ಪರವಾನಿಗೆ ಕೊಡುವುದು ಗ್ರಾಮ ಪಂಚಾಯತು. ಕಾನೂನಿಗೆ ಎಲ್ಲಿಯಾದರೂ ಒಂದು ಗೆರೆ ಬೇಕು. ಆದರೆ ಸುರಂಗದ ನೀರಿಗೆ ಆ ಗೆರೆ ಕಾಣುವುದಿಲ್ಲ. ಇಂಥ ಕಡೆ ಊರಿನವರೇ ಪ್ರಶ್ನೆ ಕೇಳಬೇಕಾಗುತ್ತದೆ. ಅದಕ್ಕೆ ಗ್ರಾಮಸಭೆ ಇದೆ.

ಮೊದಲು ಕೇಳದೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕೊಚ್ಚಿಯ ಬಳಿ ಮರಡು ಎಂಬ ಊರು. ಅಲ್ಲಿ ಹಿನ್ನೀರಿನ ದಡದಲ್ಲಿ ನಾಲ್ಕು ಎತ್ತರದ ವಸತಿ ಸಮುಚ್ಚಯಗಳು ಎದ್ದವು. ಮುನ್ನೂರಕ್ಕೂ ಹೆಚ್ಚು ಮನೆಗಳು. ಕರಾವಳಿ ನಿಯಂತ್ರಣ ನಿಯಮಗಳನ್ನು ಮೀರಿ ಕಟ್ಟಿದ್ದಾರೆಂದು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅವುಗಳನ್ನು ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಅವುಗಳನ್ನು ಉರುಳಿಸಿದರು. ಕೆಲವೇ ಸೆಕೆಂಡುಗಳಲ್ಲಿ ಕಟ್ಟಡಗಳು ಕುಸಿದವು. ಧೂಳು ಮೋಡದಂತೆ ಎದ್ದಿತು. ಸಾಲ ಮಾಡಿ ಮನೆ ಕೊಂಡವರು ದೂರದಲ್ಲಿ ನಿಂತು ನೋಡಿದರು. ಅವರಲ್ಲಿಯೂ ಮಕ್ಕಳಿದ್ದರು. ಅವಶೇಷಗಳನ್ನು ಸಾಗಿಸಲು ವಾರಗಟ್ಟಲೆ ಹಿಡಿಯಿತು.

ಐದನೆಯ ತರಗತಿಯವರು ಒಂದು ದೊಡ್ಡ ಚಾರ್ಟು ತಯಾರಿಸಿದರು. ಚಾರ್ಟಿನ ನಡುವೆ ಪದವಿನ ನಕ್ಷೆ. ನೀರಿನ ತಗ್ಗುಗಳಿಗೆ ನೀಲಿ ಬಣ್ಣ, ಬಿರುಕುಗಳಿಗೆ ಕೆಂಪು ಗೆರೆ, ಸುರಂಗಗಳಿಗೆ ಕಪ್ಪು ಚುಕ್ಕೆ. ಅಜ್ಜ ತಾನು ಚಿಕ್ಕಂದಿನಿಂದ ಕಂಡ ಬಿರುಕುಗಳನ್ನೆಲ್ಲ ತೋರಿಸಿಕೊಟ್ಟಿದ್ದರು. ನಕ್ಷೆಯನ್ನು ನೋಡಿದಾಗ ಒಂದು ವಿಷಯ ಎಲ್ಲರಿಗೂ ಕಂಡಿತು. ನೀಲಿ ಮತ್ತು ಕೆಂಪು ಹೆಚ್ಚಾಗಿ ಪಶ್ಚಿಮದ ಬದಿಯಲ್ಲಿದ್ದವು. ಪೂರ್ವದ ಬದಿಯಲ್ಲಿ ಗಟ್ಟಿ ಪಾರೆ.

ಚಾರ್ಟಿನ ಕೆಳಗೆ ಅವರು ಬರೆದರು: ಪಶ್ಚಿಮದ ಬದಿಯನ್ನು ಹಾಗೆಯೇ ಬಿಡಬಹುದೇ? ಪೂರ್ವದಲ್ಲಿ ನಲುವತ್ತು ಮನೆ ಕಟ್ಟಿದರೆ ಸಾಕಾಗದೇ? ಮಾಡಿನ ನೀರಿಗೆ ತೊಟ್ಟಿ ಕಟ್ಟುವಿರೇ? ಕೊಳೆನೀರಿನ ಘಟಕವನ್ನು ಹತ್ತು ವರ್ಷಗಳ ಬಳಿಕ ಯಾರು ನಡೆಸುತ್ತಾರೆ? ಅಜ್ಜಿಯ ದನಗಳಿಗೆ ದಾರಿ ಇದೆಯೇ?

ಕೊನೆಯ ಪ್ರಶ್ನೆಯನ್ನು ಮೇಸ್ತ್ರಿಯವರ ಮಗಳು ತನ್ನ ಕೈಯಿಂದಲೇ ಬರೆದಳು: ನಲುವತ್ತು ಮನೆಗಳಾದರೆ ಕೆಲಸ ಎಷ್ಟು ತಿಂಗಳು ಇರುತ್ತದೆ?

ಮುಂದಿನ ಗ್ರಾಮಸಭೆಯ ದಿನ ಟೀಚರ್ ಮತ್ತು ಅಜ್ಜ ಆ ಚಾರ್ಟನ್ನು ಸುರುಳಿ ಸುತ್ತಿಕೊಂಡು ಹೋದರು.

ಹೊಸ ಪದಗಳು

ಪದವು – ಮುರಕಲ್ಲಿನ ಎತ್ತರದ ಬಯಲು
ಶೇಡಿಮಣ್ಣು – ಮುರಕಲ್ಲಿನ ಕೆಳಗಿರುವ ನುಣ್ಣಗಿನ ಮಣ್ಣು
ದಂಬೆ – ಅಡಿಕೆ ಮರವನ್ನು ಸೀಳಿ ಮಾಡಿದ ನೀರಿನ ಓಣಿ
ನೇಜಿ – ನಾಟಿ ಮಾಡುವ ಭತ್ತದ ಸಸಿ
ಪೂಪಾಟೆ – ಗಿಡಗಳಿಗೆ ನೀರು ಚಿಮುಕಿಸುವ ಪಾತ್ರೆ
ಅಧಿಸೂಚನೆ – ಸರಕಾರವು ಎಲ್ಲರಿಗೂ ತಿಳಿಸುವ ಆಜ್ಞೆ

ಉತ್ತರಿಸಿರಿ

1. ಏಪ್ರಿಲ್ ತಿಂಗಳಲ್ಲಿ ಮಾತ್ರ ಪದವನ್ನು ನೋಡಿದವರು ಯಾವ ತಪ್ಪು ಮಾಡುವ ಸಾಧ್ಯತೆ ಇದೆ?
2. ಮಳೆನೀರು ಪದವಿನಿಂದ ಸುರಂಗಕ್ಕೆ ತಲಪುವ ದಾರಿಯನ್ನು ಚಿತ್ರ ಬರೆದು ವಿವರಿಸಿರಿ.
3. ಕೆಳಗಿನ ಮನೆಗಳಿಗೆ ಮಳೆಗಾಲದಲ್ಲಿ ನೀರು ಹೆಚ್ಚಾಗಲು, ಬೇಸಿಗೆಯಲ್ಲಿ ಕಡಿಮೆಯಾಗಲು ಕಾರಣ ಒಂದೇ ಎಂದು ಪಾಠದಲ್ಲಿದೆ. ಆ ಕಾರಣ ಯಾವುದು?
4. ನಲುವತ್ತು ಮನೆಗಳಾದರೆ ದಿನಕ್ಕೆ ಎಷ್ಟು ನೀರು ಬೇಕು? 135 ಲೀಟರಿನಂತೆಯೂ 55 ಲೀಟರಿನಂತೆಯೂ ಲೆಕ್ಕ ಹಾಕಿರಿ.

ಹೋಗಿ ನೋಡಿರಿ

ನಿಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದರ ಮೇಲ್ಬದಿಯಲ್ಲಿ ಏನಿದೆ? ಹಿರಿಯರ ಜೊತೆಗೆ ಹೋಗಿ ನೋಡಿ ನಕ್ಷೆ ಬರೆಯಿರಿ. ಸುರಂಗದೊಳಗೆ ಒಬ್ಬರೇ ಹೋಗಬಾರದು.

ಚರ್ಚಿಸಿರಿ

ಗ್ರಾಮಸಭೆಯಲ್ಲಿ ಬಡಾವಣೆ ಕಟ್ಟುವವರು ಹೀಗೆ ಹೇಳಿದರು ಎಂದುಕೊಳ್ಳಿರಿ: "ಅರುವತ್ತು ಮನೆಗಳಾದರೆ ಒಂದು ಮನೆಯ ಬೆಲೆ ಕಡಿಮೆಯಾಗುತ್ತದೆ. ನಲುವತ್ತಾದರೆ ಬೆಲೆ ಏರಿಸಬೇಕು, ಬಡವರಿಗೆ ಕೊಳ್ಳಲಾಗದು." ಅಜ್ಜ, ಮೇಸ್ತ್ರಿ, ದನ ಮೇಯಿಸುವ ಅಜ್ಜಿ, ಮನೆ ಕೊಳ್ಳಬೇಕೆಂದಿರುವ ಒಬ್ಬರು – ಈ ನಾಲ್ವರು ಅದಕ್ಕೆ ಏನು ಉತ್ತರ ಕೊಡಬಹುದು? ನಾಲ್ಕು ಗುಂಪುಗಳಾಗಿ ಮಾತನಾಡಿರಿ.